ದುರ್ಬೀನಿನ ಗೆರೆ, ಗುಂಡಿನ ದಾರಿ

ಆಳಂದದಿಂದ ಅಫಜಲಪುರಕ್ಕೂ, ಅಲ್ಲಿಂದ ಭೀಮಾನದಿಯನ್ನು ದಾಟಿ ಜೇವರ್ಗಿಗೂ ಸಾಗುವ ಪ್ರಯಾಣಿಕನ ಕಣ್ಣಿಗೆ ಮೊಟ್ಟಮೊದಲು ಬೀಳುವುದು ಆ ಸೀಮೆಯ ಬಯಲು. ಎತ್ತ ನೋಡಿದರೂ ಕಪ್ಪು ಎರೆಭೂಮಿ. ಅದರ ಮೇಲೆ ತೊಗರಿ, ಜೋಳ. ಅಲ್ಲೊಂದು ಇಲ್ಲೊಂದು ಬೇವಿನ ಗಿಡ. ಕಣ್ಣಿಗೆ ಅಡ್ಡಿಯೇ ಇಲ್ಲದ ಇಂಥ ನೆಲದಲ್ಲಿ ದೂರವನ್ನು ಅಂದಾಜು ಮಾಡುವುದು ಸುಲಭವೆಂದು ತೋರಬಹುದು. ನಿಜವಾಗಿ ಅದು ಬಹು ಕಷ್ಟ. ನಡುವೆ ಮರವಿಲ್ಲ, ಮನೆಯಿಲ್ಲ, ಹೋಲಿಸಿ ನೋಡಲು ಆಧಾರವಿಲ್ಲ. ಹೊಲದಂಚಿನಲ್ಲಿ ನಿಂತ ಚಿಗರಿಯ ಹಿಂಡು ಇನ್ನೂರು ಮೀಟರಿನಲ್ಲಿದೆಯೋ ಮುನ್ನೂರು ಮೀಟರಿನಲ್ಲಿದೆಯೋ ಎಂದು ನಾಲ್ವರನ್ನು ಕೇಳಿದರೆ ನಾಲ್ಕು ಉತ್ತರಗಳು ಬರುತ್ತವೆ.

ಬೇಟೆಯು ದೊಡ್ಡ ಮನೆತನಗಳ ವಿನೋದವಾಗಿದ್ದ ಕಾಲದಲ್ಲಿ ಹುಟ್ಟಿದ ಒಂದು ನಂಬಿಕೆ ಇಂದಿಗೂ ಜನರಲ್ಲಿ ಉಳಿದಿದೆ. ಬಂದೂಕಿನ ಮೇಲೆ ದುರ್ಬೀನು ಕೂರಿಸಿದರೆ ಗುರಿ ತಪ್ಪುವುದೇ ಇಲ್ಲ ಎಂಬುದೇ ಆ ನಂಬಿಕೆ. ಗುರಿಯು ಹತ್ತಿರ ಬಂದಂತೆ ಕಾಣುವುದರಿಂದ ಹೊಡೆತವೂ ಹತ್ತಿರದ್ದಾಗುತ್ತದೆಂದು ಜನ ಭಾವಿಸುತ್ತಾರೆ. ಆದರೆ ದುರ್ಬೀನು ಬದಲಾಯಿಸುವುದು ಬೆಳಕಿನ ಕಿರಣಗಳ ದಾರಿಯನ್ನು ಮಾತ್ರ, ಗುಂಡಿನ ದಾರಿಯನ್ನಲ್ಲ. ಬೆಳಕು ನೆಟ್ಟಗೆ ಬರುತ್ತದೆ. ಗುಂಡು ಬಾಗಿ ಹೋಗುತ್ತದೆ. ಈ ಎರಡು ದಾರಿಗಳನ್ನು ಒಂದು ಗೊತ್ತಾದ ದೂರದಲ್ಲಿ ಸಂಧಿಸುವಂತೆ ಮಾಡುವುದೇ ದುರ್ಬೀನನ್ನು ಹೊಂದಿಸುವ ವಿದ್ಯೆಯ ಸಾರ.

ಇಂದು ಬೇಟೆಗೆ ಅವಕಾಶವಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಚಿಗರಿಯನ್ನು ತನ್ನ ಮೊದಲನೆಯ ಅನುಸೂಚಿಯಲ್ಲಿ ಸೇರಿಸಿ ಅದಕ್ಕೆ ಪೂರ್ಣ ರಕ್ಷಣೆ ನೀಡಿದೆ. ಬಂದೂಕು ಇಟ್ಟುಕೊಳ್ಳುವುದಕ್ಕೆ 1959ರ ಆಯುಧ ಕಾಯಿದೆಯಂತೆ ಪರವಾನಗಿ ಬೇಕು. ಹೀಗಿರುವಾಗ ಬೇಟೆಯ ಬಂದೂಕಿನ ದುರ್ಬೀನಿನ ಚರ್ಚೆ ಏತಕ್ಕೆಂದು ವಾಚಕರು ಕೇಳಬಹುದು. ಅದೇ ಉಪಕರಣ ಇಂದು ಗುರಿಕ್ರೀಡೆಯ ಮೈದಾನದಲ್ಲಿದೆ. ಕಾಡುಪ್ರಾಣಿಗಳಿಗೆ ಅರಿವಳಿಕೆಯ ಮದ್ದನ್ನು ದೂರದಿಂದ ಚುಚ್ಚುವ ವೈದ್ಯರ ಕೈಯಲ್ಲಿದೆ. ಅದರ ಒಡಹುಟ್ಟುಗಳು ಭೂಮಾಪಕನ ಥಿಯೊಡೊಲೈಟಿನಲ್ಲಿವೆ, ನಮ್ಮ ಕಾಲೇಜುಗಳ ಸ್ಪೆಕ್ಟ್ರೋಮೀಟರಿನಲ್ಲಿವೆ. ಒಂದನ್ನು ಅರಿತವನಿಗೆ ಉಳಿದವೂ ತಿಳಿಯುತ್ತವೆ.

ಕೊಳವೆಯೊಳಗಿನ ಎಳೆ

ಸಾಮಾನ್ಯ ಬಂದೂಕಿನ ನಳಿಗೆಯ ತುದಿಯಲ್ಲಿ ಒಂದು ಸಣ್ಣ ಮೊಳೆ, ಹಿಂದೆ ಒಂದು ಕಚ್ಚು ಇರುತ್ತವೆ. ನಮ್ಮ ದೇಶದ ಪರವಾನಗಿದಾರರಿಗೆ ಬಹುಕಾಲದಿಂದ ಪರಿಚಿತವಾದ, ಇಷಾಪುರದ ಸರ್ಕಾರಿ ಕಾರ್ಖಾನೆಯ .315 ಬೋರಿನ ರೈಫಲಿನಲ್ಲಿಯೂ ಇದೇ ಏರ್ಪಾಡು. ಕಚ್ಚು, ಮೊಳೆ, ಗುರಿ ಈ ಮೂರನ್ನೂ ಒಂದೇ ಗೆರೆಯಲ್ಲಿ ತರಬೇಕು. ಆದರೆ ಕಚ್ಚು ಮೊಳದಳತೆಯಲ್ಲಿದೆ, ಮೊಳೆ ಗಜದಳತೆಯಲ್ಲಿದೆ, ಗುರಿಯೋ ನೂರು ಮೀಟರಿನಾಚೆ ಇದೆ. ನಮ್ಮ ಕಣ್ಣಿನ ಮಸೂರವು ಏಕಕಾಲಕ್ಕೆ ಮೂರು ದೂರಗಳನ್ನು ಸ್ಪಷ್ಟವಾಗಿ ತೋರಿಸಲಾರದು. ಒಂದು ಸ್ಪಷ್ಟವಾದರೆ ಉಳಿದೆರಡು ಮಸುಕಾಗುತ್ತವೆ. ವಯಸ್ಸು ಏರಿದಂತೆ ಈ ತೊಂದರೆ ಹೆಚ್ಚುತ್ತದೆ.

ಇದಕ್ಕೆ ಪರಿಹಾರ ದೊರೆತದ್ದು ಖಗೋಳವಿಜ್ಞಾನದಿಂದ. ಗೆಲಿಲಿಯೊ ಬಳಸಿದ ದೂರದರ್ಶಕದಲ್ಲಿ ಕಣ್ಣಿನ ಕಡೆಗೆ ನಿಮ್ನ ಮಸೂರವಿತ್ತು. ಅದರ ಕೊಳವೆಯೊಳಗೆ ಎಲ್ಲಿಯೂ ನಿಜಪ್ರತಿಬಿಂಬ ಮೂಡುತ್ತಿರಲಿಲ್ಲ. 1611ರಲ್ಲಿ ಕೆಪ್ಲರ್ ಎರಡೂ ಕಡೆ ಪೀನ ಮಸೂರಗಳಿರುವ ದೂರದರ್ಶಕವನ್ನು ಸೂಚಿಸಿದನು. ಇದರಲ್ಲಿ ಮುಂದಿನ ಮಸೂರವು ದೂರದ ವಸ್ತುವಿನ ನಿಜಪ್ರತಿಬಿಂಬವನ್ನು ಕೊಳವೆಯ ಒಳಗೇ ಮೂಡಿಸುತ್ತದೆ. ಸುಮಾರು 1640ರ ಹೊತ್ತಿಗೆ ಇಂಗ್ಲೆಂಡಿನ ವಿಲಿಯಂ ಗ್ಯಾಸ್ಕಾಯ್ನ್ ಎಂಬ ತರುಣನು ತನ್ನ ದೂರದರ್ಶಕದಲ್ಲಿ ಜೇಡವೊಂದು ನೇಯ್ದ ಎಳೆಯು ದೂರದ ನೋಟದೊಡನೆ ಬಹು ಸ್ಪಷ್ಟವಾಗಿ ಕಾಣುತ್ತಿರುವುದನ್ನು ಗಮನಿಸಿದನೆಂದು ಹೇಳುತ್ತಾರೆ. ಆ ಎಳೆ ಪ್ರತಿಬಿಂಬ ಮೂಡುವ ತಾಣದಲ್ಲಿಯೇ ಇದ್ದುದು ಅದಕ್ಕೆ ಕಾರಣ. ಅಂದಿನಿಂದ ದೂರದರ್ಶಕವು ಕೇವಲ ನೋಡುವ ಸಾಧನವಾಗಿ ಉಳಿಯದೆ ಗುರಿಯಿಡುವ, ಅಳೆಯುವ ಸಾಧನವಾಯಿತು. ಗ್ಯಾಸ್ಕಾಯ್ನ್ 1644ರಲ್ಲಿ ಮಾರ್‍ಸ್ಟನ್ ಮೂರ್ ಕದನದಲ್ಲಿ ಮಡಿದನು.

ನಮ್ಮ ಸೀಮೆಯ ಸಮೀಪಕ್ಕೆ ಈ ಸಾಧನ ಬಂದದ್ದು ಬೇಟೆಗಾರರಿಗಿಂತ ಮೊದಲು ಭೂಮಾಪಕರೊಡನೆ. ವಿಲಿಯಂ ಲ್ಯಾಂಬ್ಟನ್ ಕನ್ಯಾಕುಮಾರಿಯ ಕಡೆಯಿಂದ ಉತ್ತರಕ್ಕೆ ತ್ರಿಕೋನಗಳ ಸರಣಿಯನ್ನು ಹೆಣೆಯುತ್ತ ಬಂದು 1815ರಲ್ಲಿ ಬೀದರಿನ ಬಳಿ ಒಂದು ಆಧಾರರೇಖೆಯನ್ನು ಅಳೆದನು. ಅವನ ಥಿಯೊಡೊಲೈಟಿನ ದೂರದರ್ಶಕದಲ್ಲಿ ಇದ್ದುದೂ ಇಂಥ ಎಳೆಯ ಗುರುತೇ. ಅದನ್ನು ನಾವು ಪ್ರಯೋಗಶಾಲೆಯಲ್ಲಿ ಕ್ರಾಸ್‌ವೈರ್ ಎಂದು ಕರೆಯುತ್ತೇವೆ.

ಬಂದೂಕಿನ ದುರ್ಬೀನಿನಲ್ಲಿ ಇನ್ನೊಂದು ಭಾಗ ಹೆಚ್ಚಿಗೆ ಇದೆ. ಕೆಪ್ಲರನ ದೂರದರ್ಶಕದಲ್ಲಿ ನೋಟ ತಲೆಕೆಳಗಾಗಿ ಕಾಣುವುದರಿಂದ ಅದನ್ನು ನೆಟ್ಟಗೆ ಮಾಡಲು ನಡುವೆ ಒಂದು ಸಣ್ಣ ಕೊಳವೆಯಲ್ಲಿ ಮತ್ತೆರಡು ಮಸೂರಗಳನ್ನು ಕೂರಿಸಿರುತ್ತಾರೆ. ಹೊರಗಿನ ಎರಡು ತಿರುಪುಗಳನ್ನು ತಿರುಗಿಸಿದಾಗ ಈ ಒಳಕೊಳವೆ ಕೂದಲೆಳೆಯಷ್ಟು ವಾಲುತ್ತದೆ. ಅದರೊಡನೆ ದೃಷ್ಟಿರೇಖೆಯೂ ವಾಲುತ್ತದೆ. ತಿರುಪು ನಳಿಗೆಯನ್ನು ಮುಟ್ಟುವುದೇ ಇಲ್ಲವೆಂಬುದನ್ನು ಇಲ್ಲಿ ನೆನಪಿಡಬೇಕು. ದೃಷ್ಟಿರೇಖೆ ಬದಲಾದಾಗ, ಎಳೆಗಳ ಕೂಟವನ್ನು ಮತ್ತೆ ಗುರಿಯ ಮೇಲೆ ತರುವ ಸಲುವಾಗಿ ನಾವು ಬಂದೂಕನ್ನೇ ಕೊಂಚ ಎತ್ತುತ್ತೇವೆ ಅಥವಾ ಹೊರಳಿಸುತ್ತೇವೆ.

ನೆಟ್ಟಗೆರೆ, ಬಾಗುಗೆರೆ

ನಳಿಗೆಯಿಂದ ಗುಂಡು ಸೆಕೆಂಡಿಗೆ 800 ಮೀಟರ್ ವೇಗದಲ್ಲಿ ಹೊರಬೀಳುತ್ತದೆಂದು ಇಟ್ಟುಕೊಳ್ಳೋಣ. ಲೆಕ್ಕ ಸರಳವಾಗಲೆಂದು ಗಾಳಿಯ ತಡೆಯನ್ನು ಸದ್ಯಕ್ಕೆ ಬಿಡೋಣ. ನೂರು ಮೀಟರ್ ಸಾಗಲು ಅದಕ್ಕೆ ಬೇಕಾದ ಕಾಲ 0.125 ಸೆಕೆಂಡು. ಕೈಯಿಂದ ಜಾರಿದ ಕಲ್ಲು ಅಷ್ಟು ಕಾಲದಲ್ಲಿ ಎಷ್ಟು ಬೀಳುವುದೋ ಗುಂಡೂ ಅಷ್ಟೇ ಬೀಳುತ್ತದೆ. ಅದು ಸುಮಾರು 7.7 ಸೆಂಟಿಮೀಟರು. ಇನ್ನೂರು ಮೀಟರಿಗೆ ಕಾಲ ಇಮ್ಮಡಿ, ಬೀಳುವಿಕೆ ನಾಲ್ಮಡಿ: ಸುಮಾರು 31 ಸೆಂಟಿಮೀಟರು. ಮುನ್ನೂರು ಮೀಟರಿಗೆ ಒಂಬತ್ತು ಮಡಿ: ಸುಮಾರು 69 ಸೆಂಟಿಮೀಟರು. ಗಾಳಿಯ ತಡೆಯನ್ನು ಸೇರಿಸಿದರೆ ಇವೆಲ್ಲ ಇನ್ನೂ ಹೆಚ್ಚುತ್ತವೆ.

ಇದಲ್ಲದೆ ದುರ್ಬೀನು ನಳಿಗೆಯ ಮೇಲುಗಡೆ ಇರುತ್ತದೆ. ಎರಡರ ನಡುರೇಖೆಗಳ ಅಂತರ 4 ಸೆಂಟಿಮೀಟರ್ ಎನ್ನೋಣ. ಹಾಗಾದರೆ ನೂರು ಮೀಟರಿನಲ್ಲಿ ಗುಂಡು ಎಳೆಗಳ ಕೂಟಕ್ಕೆ ತಾಗಬೇಕಾದರೆ, ನಳಿಗೆಯು ದೃಷ್ಟಿರೇಖೆಗಿಂತ ನೂರು ಮೀಟರಿಗೆ 11.7 ಸೆಂಟಿಮೀಟರಿನಷ್ಟು ಮೇಲ್ಮುಖವಾಗಿರಬೇಕು. ಕೋನದಲ್ಲಿ ಹೇಳಿದರೆ ಇದು ಒಂದು ಅಂಶದ ಹದಿನೈದನೆಯ ಒಂದು ಪಾಲು. ಈ ಅಲ್ಪ ಕೋನವನ್ನು ಸರಿಯಾಗಿ ನಿಲ್ಲಿಸುವುದಕ್ಕಾಗಿಯೇ ಮುಂದೆ ಹೇಳುವ ಶ್ರಮವೆಲ್ಲ.

ಹೀಗೆ ನೂರು ಮೀಟರಿಗೆ ಹೊಂದಿಸಿದ ಬಂದೂಕಿನ ಗುಂಡು ಬೇರೆ ಬೇರೆ ದೂರಗಳಲ್ಲಿ ಎಲ್ಲಿರುತ್ತದೆಂದು ನೋಡೋಣ. ಇಪ್ಪತ್ತೈದು ಮೀಟರಿನಲ್ಲಿ ಅದು ದೃಷ್ಟಿರೇಖೆಗಿಂತ ಒಂದೂವರೆ ಸೆಂಟಿಮೀಟರ್ ಕೆಳಗೆ ಇರುತ್ತದೆ. ಸುಮಾರು 52 ಮೀಟರಿನಲ್ಲಿ ಕೆಳಗಿನಿಂದ ಮೇಲಕ್ಕೆ ಆ ರೇಖೆಯನ್ನು ದಾಟುತ್ತದೆ. ನೂರು ಮೀಟರಿನಲ್ಲಿ ಮೇಲಿನಿಂದ ಕೆಳಕ್ಕೆ ಮತ್ತೊಮ್ಮೆ ದಾಟುತ್ತದೆ. ಇನ್ನೂರು ಮೀಟರಿನಲ್ಲಿ 11 ಸೆಂಟಿಮೀಟರ್, ಮುನ್ನೂರು ಮೀಟರಿನಲ್ಲಿ 38 ಸೆಂಟಿಮೀಟರ್ ಕೆಳಗೆ ಹೋಗುತ್ತದೆ. ನೆಟ್ಟಗೆರೆಯೂ ಬಾಗುಗೆರೆಯೂ ಎರಡೇ ಬಿಂದುಗಳಲ್ಲಿ ಕೂಡುತ್ತವೆ. ಉಳಿದ ಎಲ್ಲ ದೂರಗಳಲ್ಲಿಯೂ ದುರ್ಬೀನು ತೋರಿಸುವ ಜಾಗ ಬೇರೆ, ಗುಂಡು ಬೀಳುವ ಜಾಗ ಬೇರೆ. ಮುನ್ನೂರು ಮೀಟರಿನ ಚಿಗರಿಯನ್ನು ಇನ್ನೂರು ಮೀಟರಿನದೆಂದು ತಿಳಿದ ಹಳೆಯ ಬೇಟೆಗಾರನ ಗುಂಡು ಎದೆಯನ್ನು ಬಿಟ್ಟು ಕಾಲನ್ನು ಮುರಿಯುತ್ತಿತ್ತು. ಸಾಯದೆ, ಬದುಕಲೂ ಆಗದೆ ಕುಂಟುತ್ತ ಓಡಿದ ಆ ಪ್ರಾಣಿಗಳ ಸಂಖ್ಯೆಯನ್ನು ಬೇಟೆಯ ಕಥೆಗಳು ಲೆಕ್ಕಕ್ಕೆ ಹಿಡಿದಿಲ್ಲ.

ಕಾಗದದ ದಪ್ಪ

ದುರ್ಬೀನನ್ನು ಕೂರಿಸುವ ಮೊದಲ ನಿಯಮ ಭೌತಶಾಸ್ತ್ರದ್ದಲ್ಲ, ವಿವೇಕದ್ದು. ಬಂದೂಕಿನಲ್ಲಿ ಗುಂಡಿಲ್ಲವೆಂಬುದನ್ನು ಕಣ್ಣಿನಿಂದ ನೋಡಿ, ಬೆರಳಿನಿಂದ ಮುಟ್ಟಿ ಖಚಿತಪಡಿಸಿಕೊಳ್ಳಬೇಕು. ಗುಂಡುಗಳನ್ನು ಆ ಕೋಣೆಯಲ್ಲಿಯೇ ಇಡಬಾರದು.

ಬಂದೂಕಿನ ಮೇಲ್ಮೈಗೆ ಮೊದಲು ಲೋಹದ ಪೀಠವನ್ನು ತಿರುಪುಮೊಳೆಗಳಿಂದ ಬಿಗಿಯುತ್ತಾರೆ. ಪೀಠದ ಮೇಲೆ ಎರಡು ಬಳೆಗಳು. ಬಳೆಗಳ ಒಳಗೆ ದುರ್ಬೀನು. ಪೀಠವನ್ನೂ ತಿರುಪಿನ ರಂಧ್ರಗಳನ್ನೂ ಸ್ಪಿರಿಟ್ಟಿನಿಂದ ಒರೆಸಿ ಎಣ್ಣೆ, ಧೂಳುಗಳನ್ನು ತೆಗೆಯಬೇಕು. ಇಷ್ಟು ಎಚ್ಚರಿಕೆ ಏಕೆಂಬುದಕ್ಕೆ ಒಂದು ಲೆಕ್ಕ ಸಾಕು. ಎರಡು ಬಳೆಗಳ ನಡುವಣ ಅಂತರ 10 ಸೆಂಟಿಮೀಟರ್ ಎನ್ನಿ. ಹಿಂದಿನ ಬಳೆಯ ಅಡಿಯಲ್ಲಿ ಒಂದು ಹಾಳೆ ಕಾಗದದಷ್ಟು, ಎಂದರೆ 0.1 ಮಿಲಿಮೀಟರಿನಷ್ಟು, ಕಸ ಉಳಿದಿದೆ. ಆಗ ದೃಷ್ಟಿರೇಖೆ ಸಾವಿರಕ್ಕೆ ಒಂದರಂತೆ ವಾಲುತ್ತದೆ. ನೂರು ಮೀಟರಿನಲ್ಲಿ ಇದರ ಫಲ 10 ಸೆಂಟಿಮೀಟರ್. ಇನ್ನೂರು ಮೀಟರಿನಲ್ಲಿ 20 ಸೆಂಟಿಮೀಟರ್. ಕಾಗದದಷ್ಟು ಕಸವು ಗೇಣಳತೆಯ ತಪ್ಪಾಗಿ ಬೆಳೆಯುತ್ತದೆ. ಸಡಿಲವಾದ ತಿರುಪು ಇದಕ್ಕಿಂತ ಕೆಟ್ಟದ್ದು. ಕಸದ ತಪ್ಪು ಪ್ರತಿ ಹೊಡೆತಕ್ಕೂ ಒಂದೇ ಆಗಿರುತ್ತದೆ, ಹಾಗಾಗಿ ಅದನ್ನು ತಿದ್ದಬಹುದು. ಸಡಿಲು ತಿರುಪಿನ ತಪ್ಪು ಪ್ರತಿ ಸಲವೂ ಬೇರೆಯಾಗುತ್ತದೆ.

ಬಳೆಗಳಲ್ಲಿ ಕೂರಿಸಿದ ದುರ್ಬೀನನ್ನು ಕೂಡಲೇ ಬಿಗಿಯಬಾರದು. ಅದನ್ನು ಹಿಂದಕ್ಕೂ ಮುಂದಕ್ಕೂ ಸರಿಸಿ, ಕಣ್ಣಿಗೆ ಪೂರ್ಣ ವೃತ್ತಾಕಾರದ ನೋಟ ಕಾಣುವ ಜಾಗವನ್ನು ಗೊತ್ತುಮಾಡಬೇಕು. ಸಾಮಾನ್ಯವಾಗಿ ಕಣ್ಣಿಗೂ ಹಿಂದಿನ ಮಸೂರಕ್ಕೂ 8 ರಿಂದ 9 ಸೆಂಟಿಮೀಟರ್ ಅಂತರವಿರುತ್ತದೆ. ಅಷ್ಟು ದೂರವನ್ನು ಬೇಕೆಂದೇ ಇಟ್ಟಿದ್ದಾರೆ. ನ್ಯೂಟನ್ನನ ಮೂರನೆಯ ನಿಯಮದಂತೆ ಗುಂಡು ಮುಂದಕ್ಕೆ ಚಿಮ್ಮಿದಾಗ ಬಂದೂಕು ಹಿಂದಕ್ಕೆ ಒದೆಯುತ್ತದೆ. ಕಣ್ಣನ್ನು ಹತ್ತಿರವಿಟ್ಟವನ ಹುಬ್ಬನ್ನು ದುರ್ಬೀನಿನ ಅಂಚು ಸೀಳಿಬಿಡುತ್ತದೆ.

ಬಳಿಕ ಎಳೆಗಳನ್ನು ನೆಟ್ಟಗೆ ನಿಲ್ಲಿಸಬೇಕು. ಬಂದೂಕನ್ನು ಭದ್ರವಾಗಿ ಇರಿಸಿ, ಪೀಠದ ಮೇಲೆ ಗಾರೆಯವರ ರಸಮಟ್ಟವನ್ನು ಇಟ್ಟು ಸಮ ಮಾಡಿ, ದೂರದಲ್ಲಿ ತೂಗುಬಿಟ್ಟ ತೂಕದ ಗುಂಡಿನ ದಾರಕ್ಕೆ ಲಂಬ ಎಳೆಯನ್ನು ಹೊಂದಿಸಿದರೆ ಸಾಕು. ಎಳೆ ಐದು ಅಂಶ ವಾಲಿದ್ದರೆ, ಗುಂಡನ್ನು 10 ಸೆಂಟಿಮೀಟರ್ ಮೇಲಕ್ಕೆ ತರಲು ತಿರುಗಿಸಿದ ತಿರುಪು ಅದನ್ನು ಸುಮಾರು 9 ಮಿಲಿಮೀಟರ್ ಪಕ್ಕಕ್ಕೂ ತಳ್ಳುತ್ತದೆ. ಕೊನೆಗೆ ಬಳೆಗಳ ತಿರುಪುಗಳನ್ನು ಒಂದಾದ ಮೇಲೊಂದು, ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ, ತಯಾರಕರು ಹೇಳಿದ ಬಿಗಿತಕ್ಕೆ ಮಾತ್ರ ಬಿಗಿಯಬೇಕು. ಅತಿಯಾಗಿ ಬಿಗಿದರೆ ತೆಳುವಾದ ಕೊಳವೆ ಜಜ್ಜಿ ಒಳಕೊಳವೆಯ ಚಲನೆಗೆ ಅಡ್ಡಿಯಾಗುತ್ತದೆ.

ಕಣ್ಣು ಸರಿದರೆ ಗುರಿ ಸರಿಯಬಾರದು

ಸ್ಪೆಕ್ಟ್ರೋಮೀಟರನ್ನು ಬಳಸಿದ ವಿದ್ಯಾರ್ಥಿಗಳಿಗೆ ಮುಂದಿನ ಹೆಜ್ಜೆ ಗೊತ್ತಿರುವುದೇ. ದುರ್ಬೀನನ್ನು ಬರಿಯ ಆಕಾಶದ ಕಡೆಗೆ, ಸೂರ್ಯನಿಂದ ದೂರವಾಗಿ, ತಿರುಗಿಸಿ ಹಿಂದಿನ ಮಸೂರವನ್ನು ಎಳೆಗಳು ಅಚ್ಚುಕಟ್ಟಾಗಿ ಕಾಣುವವರೆಗೆ ಹೊಂದಿಸಬೇಕು. ಅನಂತರ ಬಂದೂಕನ್ನು ಮರಳಚೀಲಗಳ ಮೇಲೆ ಅಲುಗದಂತೆ ಇಟ್ಟು, ಗುರಿಯನ್ನು ನೋಡುತ್ತ ತಲೆಯನ್ನು ಮಾತ್ರ ಮೇಲೆ ಕೆಳಗೆ ಆಡಿಸಬೇಕು. ಗುರಿಯ ಮೇಲೆ ಎಳೆಗಳು ಸರಿದಾಡಿದರೆ ಪ್ರತಿಬಿಂಬವೂ ಎಳೆಗಳೂ ಒಂದೇ ತಲದಲ್ಲಿ ಇಲ್ಲವೆಂದು ಅರ್ಥ. ಇದೇ ದೃಷ್ಟಿಭೇದ, ಪ್ರಯೋಗಶಾಲೆಯಲ್ಲಿ ಪ್ಯಾರಲ್ಯಾಕ್ಸ್ ಎನ್ನುತ್ತೇವೆ. ರೈಲಿನ ಕಿಟಕಿಯಿಂದ ಕಾಣುವ ಹತ್ತಿರದ ಮರವು ದೂರದ ಗುಡ್ಡದ ಮುಂದೆ ಹಿಂದಕ್ಕೆ ಓಡುವಂತೆ ತೋರುವುದು ಇದರ ಪರಿಚಿತ ರೂಪ. ಬೇಟೆಯ ದುರ್ಬೀನುಗಳಲ್ಲಿ ಅನೇಕವನ್ನು ನೂರು ಮೀಟರಿನ ಆಸುಪಾಸಿನಲ್ಲಿ ಈ ದೋಷವಿಲ್ಲದಂತೆ ಕಾರ್ಖಾನೆಯಲ್ಲಿಯೇ ಹೊಂದಿಸಿರುತ್ತಾರೆ; ಬೇರೆ ದೂರಗಳಲ್ಲಿ ಕಣ್ಣನ್ನು ಮಸೂರದ ನಟ್ಟನಡುವೆ ಇಡುವುದೊಂದೇ ಉಪಾಯ.

ಐದು ರಂಧ್ರಗಳ ಸರಾಸರಿ

ಗುಂಡು ಹಾರಿಸಿ ಹೊಂದಿಸುವ ಕೆಲಸವನ್ನು ಅನುಮತಿ ಪಡೆದ ಗುರಿಮೈದಾನದಲ್ಲಿ ಮಾತ್ರ ಮಾಡಬೇಕು. ರೈಫಲಿನ ಗುಂಡು ಮೂರು ಕಿಲೋಮೀಟರಿಗೂ ಮೀರಿ ಹಾರಬಲ್ಲದು. ಭೀಮಾತೀರದ ಬಯಲಿನಲ್ಲಿ ಅದನ್ನು ತಡೆಯುವ ಗುಡ್ಡವಿಲ್ಲ. ಆಚೆಯ ಹೊಲದಲ್ಲಿ ಕಳೆ ತೆಗೆಯುವವರಿದ್ದಾರೆ. ಆದ್ದರಿಂದ ಗುರಿಯ ಹಿಂದೆ ಎತ್ತರವಾದ ಮಣ್ಣಿನ ದಿಬ್ಬ ಇರಲೇಬೇಕು.

ಮೊದಲು ಬೋಲ್ಟನ್ನು ತೆಗೆದು, ನಳಿಗೆಯ ಹಿಂಬದಿಯಿಂದ ಅದರೊಳಗೆ ನೋಡಿ, 25 ಮೀಟರಿನ ಗುರಿಯನ್ನು ನಳಿಗೆಯ ನಡುವಿಗೆ ತಂದು, ಬಂದೂಕನ್ನು ಅಲುಗಿಸದೆ ಎಳೆಗಳ ಕೂಟವನ್ನೂ ಅಲ್ಲಿಗೇ ತರಬೇಕು. ಇದು ಒರಟು ಹೊಂದಿಕೆ. ಬೋಲ್ಟನ್ನು ಮತ್ತೆ ಕೂರಿಸಿದ ಮೇಲೆ ಅದೇ ದೂರದಿಂದ ಗುಂಡು ಹಾರಿಸಿ, ನಮ್ಮ ಲೆಕ್ಕದಂತೆ ಅದು ಒಂದೂವರೆ ಸೆಂಟಿಮೀಟರ್ ಕೆಳಗೆ ಬೀಳುವ ಹಾಗೆ ತಿದ್ದಬೇಕು. ಅನಂತರವೇ ನೂರು ಮೀಟರಿಗೆ ಹೋಗಬೇಕು.

ಇಲ್ಲಿ ಅವಸರದವನು ಎಡವುತ್ತಾನೆ. ಅವನು ಒಂದು ಗುಂಡು ಹಾರಿಸಿ ತಿರುಪು ತಿರುಗಿಸುತ್ತಾನೆ. ಇನ್ನೊಂದು ಹಾರಿಸಿ ಮತ್ತೆ ತಿರುಗಿಸುತ್ತಾನೆ. ಐದು ಗುಂಡುಗಳು ಗುರಿಗಿಂತ 4, 7, 6, 8, 5 ಸೆಂಟಿಮೀಟರ್ ಕೆಳಗೂ, 3, 5, 4, 6, 2 ಸೆಂಟಿಮೀಟರ್ ಬಲಕ್ಕೂ ಬಿದ್ದವೆನ್ನೋಣ. ಸರಾಸರಿ 6 ಕೆಳಗೆ, 4 ಬಲಕ್ಕೆ. ಮೊದಲ ಗುಂಡನ್ನು ಮಾತ್ರ ನಂಬಿದವನು 4 ಸೆಂಟಿಮೀಟರ್ ಎತ್ತಿ ಸುಮ್ಮನಾದರೆ, 2 ಸೆಂಟಿಮೀಟರಿನ ತಪ್ಪು ಉಳಿದೇ ಇರುತ್ತದೆ. ಗುಂಡುಗಳು ಚದರಿ ಬೀಳುವುದು ಯಾದೃಚ್ಛಿಕ ದೋಷ. ಅದನ್ನು ತಿರುಪಿನಿಂದ ಕಳೆಯಲಾಗದು. ಅವುಗಳ ನಡುಬಿಂದು ಗುರಿಯಿಂದ ಸರಿದಿರುವುದು ಸ್ಥಿರ ದೋಷ. ತಿರುಪು ಇರುವುದು ಅದನ್ನು ತಿದ್ದುವುದಕ್ಕೆ. ತಿರುಪಿನ ಒಂದೊಂದು ಟಿಕ್ಕಿಗೆ ದೃಷ್ಟಿರೇಖೆ ಹತ್ತುಸಾವಿರಕ್ಕೆ ಒಂದರಷ್ಟು ವಾಲುವಂಥ ದುರ್ಬೀನಾದರೆ ನೂರು ಮೀಟರಿನಲ್ಲಿ ಒಂದು ಟಿಕ್ಕಿಗೆ ಒಂದು ಸೆಂಟಿಮೀಟರ್. ಆದ್ದರಿಂದ ಆರು ಟಿಕ್ಕು ಮೇಲಕ್ಕೆ, ನಾಲ್ಕು ಟಿಕ್ಕು ಎಡಕ್ಕೆ. ಬಳಿಕ ಮತ್ತೆ ಐದು ಗುಂಡು ಹಾರಿಸಿ ಪರೀಕ್ಷಿಸಬೇಕು. ನಳಿಗೆ ಕಾದಿದ್ದರೆ ಆರುವವರೆಗೆ ಕಾಯಬೇಕು.

ಈ ಕೆಲಸಕ್ಕೆ ಬೆಳಗಿನ ಹೊತ್ತೇ ಯೋಗ್ಯ. ಏಪ್ರಿಲ್, ಮೇ ತಿಂಗಳುಗಳಲ್ಲಿ ಕಲಬುರಗಿ ಜಿಲ್ಲೆಯ ಉಷ್ಣತೆ 40 ಡಿಗ್ರಿ ಸೆಲ್ಸಿಯಸನ್ನು ದಾಟುತ್ತದೆ. ಕಾದ ಎರೆಮಣ್ಣಿನ ಮೇಲೆ ಬಿಸಿಗಾಳಿಯ ಪದರಗಳು ಕದಡಿ ಏಳುತ್ತವೆ. ಅವುಗಳ ವಕ್ರೀಭವನಾಂಕ ಕ್ಷಣಕ್ಷಣಕ್ಕೂ ಬದಲಾಗುತ್ತದೆ. ಬರಿಗಣ್ಣಿಗೆ ಬಿಸಿಲ್ಗುದುರೆಯಾಗಿ ತೋರುವ ಈ ನಡುಕವನ್ನು ದುರ್ಬೀನು ಹಿಗ್ಗಿಸಿ ತೋರಿಸುತ್ತದೆ. ಆಗ ನೆಟ್ಟಗೆರೆಯೆಂದು ನಾವು ನಂಬಿದ ಬೆಳಕಿನ ದಾರಿಯೂ ನೆಟ್ಟಗಿರುವುದಿಲ್ಲ. ಹೆಚ್ಚು ವರ್ಧನೆಯ ದುರ್ಬೀನು ಇಂಥ ಹೊತ್ತಿನಲ್ಲಿ ಹೆಚ್ಚು ಕಾಣಿಸದು, ನಡುಕವನ್ನೇ ಹೆಚ್ಚಿಸುತ್ತದೆ. ಇದಲ್ಲದೆ 15 ಡಿಗ್ರಿಯಿಂದ 42 ಡಿಗ್ರಿಗೆ ಕಾದ ಗಾಳಿಯ ಸಾಂದ್ರತೆ ನೂರಕ್ಕೆ ಸುಮಾರು ಒಂಬತ್ತರಷ್ಟು ಇಳಿಯುವುದರಿಂದ ಗುಂಡಿಗೆ ತಡೆಯೂ ಕಡಿಮೆಯಾಗುತ್ತದೆ. ಚಳಿಗಾಲದಲ್ಲಿ ಹೊಂದಿಸಿದ್ದನ್ನು ಬೇಸಗೆಯಲ್ಲಿ ಮತ್ತೆ ಪರೀಕ್ಷಿಸಬೇಕೆಂಬುದಕ್ಕೆ ಇದು ಕಾರಣ.

ಕೊಲ್ಲದ ಬಾಣ

ಈಗ ಇದೇ ವಿದ್ಯೆಯ ಇಂದಿನ ಪ್ರಯೋಜನಕ್ಕೆ ಬರೋಣ. ಗಾಯಗೊಂಡ ಆನೆಗೆ ಚಿಕಿತ್ಸೆ ಮಾಡಬೇಕಾದರೆ, ಊರೊಳಗೆ ನುಗ್ಗಿದ ಚಿರತೆಯನ್ನು ಹಿಡಿಯಬೇಕಾದರೆ, ಅರಿವಳಿಕೆಯ ಮದ್ದು ತುಂಬಿದ ಸೂಜಿಬಾಣವನ್ನು ಅನಿಲದ ಒತ್ತಡದಿಂದ ಹಾರಿಸುತ್ತಾರೆ. ಬಾಣ ವೇಗವಾಗಿ ಹೋದರೆ ಮಾಂಸವನ್ನು ಹರಿದು ಮೂಳೆಯನ್ನು ಮುರಿಯುತ್ತದೆ. ಚಲನಶಕ್ತಿ ವೇಗದ ವರ್ಗಕ್ಕೆ ಅನುಗುಣವಲ್ಲವೆ? ಆದುದರಿಂದ ಅದು ನಿಧಾನವಾಗಿಯೇ ಹೋಗಬೇಕು.

ವೇಗ ಸೆಕೆಂಡಿಗೆ 60 ಮೀಟರ್ ಎಂದಿಟ್ಟುಕೊಂಡು ಹಿಂದಿನ ಲೆಕ್ಕವನ್ನೇ ಮಾಡಿದರೆ, ಮೂವತ್ತು ಮೀಟರಿಗೆ ಅರ್ಧ ಸೆಕೆಂಡು ಬೇಕು; ಅಷ್ಟರಲ್ಲಿ ಬಾಣ 1.2 ಮೀಟರಿಗೂ ಹೆಚ್ಚು ಬೀಳುತ್ತದೆ. ಮೂವತ್ತು ಮೀಟರಿಗೆ ಹೊಂದಿಸಿದ ಬಂದೂಕಿನಿಂದ ಮೂವತ್ತಮೂರು ಮೀಟರಿನ ಪ್ರಾಣಿಗೆ ಹಾರಿಸಿದರೆ ಬಾಣ ಸುಮಾರು 13 ಸೆಂಟಿಮೀಟರ್ ಕೆಳಗೆ ತಾಗುತ್ತದೆ. ಗುಂಡಿನ ಬಂದೂಕಿನಲ್ಲಿ, ನೂರನ್ನು ನೂರಹತ್ತಾಗಿ ತಪ್ಪಿದಾಗ, ಅದೇ ಪ್ರಮಾಣದ ಅಂದಾಜಿನ ತಪ್ಪಿಗೆ ತೆರಬೇಕಾದದ್ದು ಅರ್ಧ ಸೆಂಟಿಮೀಟರಿಗೂ ಕಡಿಮೆ. ದಪ್ಪ ಮಾಂಸದ ತೊಡೆಗೂ ಮೂಳೆಯ ಗಂಟಿಗೂ ಇರುವ ವ್ಯತ್ಯಾಸವೇ 13 ಸೆಂಟಿಮೀಟರ್. ಎಷ್ಟೇ ಒಳ್ಳೆಯ ದುರ್ಬೀನಿದ್ದರೂ ಈ ಬಾಗು ನೆಟ್ಟಗಾಗದು. ಉಳಿದ ದಾರಿ ಒಂದೇ: ಮನುಷ್ಯನು ಪ್ರಾಣಿಯ ಹತ್ತಿರಕ್ಕೆ ಹೋಗಬೇಕು.

ಹತ್ತಿರ ಹೋಗುವುದರ ಬೆಲೆ ಏನೆಂಬುದನ್ನು ಕರ್ನಾಟಕ ಕಂಡಿದೆ. 2023ರ ಆಗಸ್ಟ್ 31ರಂದು ಹಾಸನ ಜಿಲ್ಲೆಯ ಆಲೂರು ತಾಲೂಕಿನಲ್ಲಿ, ಗಾಯಗೊಂಡಿದ್ದ ಭೀಮ ಎಂಬ ಕಾಡಾನೆಗೆ ಚಿಕಿತ್ಸೆ ಮಾಡಿಸಲು ಅರಿವಳಿಕೆ ಕೊಡುವ ಕಾರ್ಯದಲ್ಲಿದ್ದ, ‘ಆನೆ ವೆಂಕಟೇಶ್’ ಎಂದೇ ಹೆಸರಾಗಿದ್ದ ಅನುಭವಿ ಗುರಿಕಾರರು ಅದೇ ಆನೆಯ ದಾಳಿಗೆ ತುತ್ತಾಗಿ ಪ್ರಾಣ ಬಿಟ್ಟರು. ಅವರು ಆನೆಯನ್ನು ಕೊಲ್ಲಲು ಹೋದವರಲ್ಲ, ಉಳಿಸಲು ಹೋದವರು. ದೂರದಿಂದ ಕೊಲ್ಲುವುದು ಸುಲಭ. ದೂರದಿಂದ ಬದುಕಿಸುವುದು ಇನ್ನೂ ಕಷ್ಟವಾಗಿಯೇ ಉಳಿದಿದೆ. ಪ್ರಾಣಿಗೆ ಪೆಟ್ಟಾಗದಂತೆ ಹೆಚ್ಚು ದೂರ ಸಾಗುವ ಬಾಣವನ್ನು ರೂಪಿಸುವುದು ಇಂದಿನ ವಿದ್ಯಾರ್ಥಿಗಳು ನಾಳೆ ಕೈಗೆತ್ತಿಕೊಳ್ಳಬಹುದಾದ ಯೋಗ್ಯವಾದ ಸಮಸ್ಯೆ.

ಅದಕ್ಕೆ ಮುನ್ನ, ಬಂದೂಕೂ ಇಲ್ಲದೆ ದುರ್ಬೀನೂ ಇಲ್ಲದೆ ಮಾಡಬಹುದಾದ ಒಂದು ಅಭ್ಯಾಸವಿದೆ. ಆಳಂದ, ಅಫಜಲಪುರ, ಜೇವರ್ಗಿಯ ವಿದ್ಯಾರ್ಥಿಗಳಿಗೆ ಬಯಲು ಮನೆಯ ಬಾಗಿಲಲ್ಲಿಯೇ ಇದೆ. ನಾಲ್ಕೈದು ಮಂದಿ ಗೆಳೆಯರು ಕೂಡಿ ಹೊಲದ ಬದುವಿನ ಮೇಲೆ ನಿಂತು, ದೂರದ ಬೇವಿನ ಗಿಡವೊಂದನ್ನು ಆರಿಸಿ, ಅದು ಎಷ್ಟು ಮೀಟರಿನಲ್ಲಿದೆಯೆಂದು ಪ್ರತಿಯೊಬ್ಬರೂ ಬೇರೆ ಬೇರೆಯಾಗಿ ಬರೆದಿಡಿ. ಅನಂತರ ಹಗ್ಗ ಹಿಡಿದು ಅಳೆಯಿರಿ. ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಬಿಸಿಲ್ಗುದುರೆ ಓಡುವಾಗ ಒಮ್ಮೆ ಮಾಡಿ, ಅಂದಾಜಿಗೂ ಅಳತೆಗೂ ಎಷ್ಟು ಅಂತರವಿದೆಯೆಂದು ಲೆಕ್ಕ ಹಾಕಿ. ಬಳಿಕ ಈ ಲೇಖನದ ಅಂಕಿಗಳನ್ನು ಇನ್ನೊಮ್ಮೆ ನೋಡಿದರೆ, ಆ ಅಂತರ ಗುಂಡಿನ ದಾರಿಯಲ್ಲಿ ಎಷ್ಟು ಸೆಂಟಿಮೀಟರಾಗುತ್ತದೆ ಎಂಬುದನ್ನು ನೀವೇ ಹೇಳಬಲ್ಲಿರಿ.